ಮೂರನೇ ಪ್ರತಿ

ಭಾನುವಾರ, ಊಟವಾದ ಮೇಲೆ
ವಸತಿಗೃಹದ ಕಿಟಕಿ ಪಕ್ಕದಿಂದ

ಪ್ರೀತಿಯ ಅಕ್ಕನಿಗೆ,

ನಿನಗೂ, ಭಾವನಿಗೂ, ನನ್ನ ಮುಖ ಇನ್ನೂ ನೆನಪಿಟ್ಟುಕೊಂಡಿರುವ ಸಮಸ್ತ ಬಂಧುಬಳಗಕ್ಕೂ ಅತ್ಯಂತ ಗೌರವಪೂರ್ವಕವಾಗಿ ತಿಳಿಯಪಡಿಸುವುದೇನೆಂದರೆ, ಎರಡು ಊರುಗಳ ಹಿಂದೆ ಕಾಣೆಯಾಗಿದ್ದ ನನ್ನ ಬೂದು ಬಣ್ಣದ ಎಡಗಾಲಿನ ಕಾಲುಚೀಲ ಇಂದು ಬೆಳಿಗ್ಗೆ ಪತ್ತೆಯಾಗಿದೆ. ಅದು ಲೆನ್ಸಿನ ಡಬ್ಬಿಯಲ್ಲಿ, ಲೆನ್ಸಿಗಿಂತ ಸುಖವಾಗಿ ಸುರುಳಿ ಸುತ್ತಿಕೊಂಡು ಮಲಗಿತ್ತು. ಆರೋಗ್ಯ ತೃಪ್ತಿಕರ. ಹಿಮ್ಮಡಿಯ ಕಡೆ ಸ್ವಲ್ಪ ದಾರ ಬಿಟ್ಟುಕೊಂಡಿದೆ ಅನ್ನುವುದು ಬಿಟ್ಟರೆ ಚಿಂತೆಗೆ ಕಾರಣವಿಲ್ಲ. ದುಃಖದ ಸಂಗತಿ ಏನೆಂದರೆ, ಇದರ ಜೋಡಿಯನ್ನು ನಾನು ಕಳೆದ ವಾರವಷ್ಟೇ ಟ್ರೈಪಾಡು ಒರೆಸುವ ಬಟ್ಟೆಯ ಹುದ್ದೆಗೆ ನೇಮಿಸಿಬಿಟ್ಟಿದ್ದೆ.

ಕಾಗದ ತಡವಾಯಿತು, ಕ್ಷಮಿಸು. ತಡಕ್ಕೆ ಕಾರಣ ಸೋಮಾರಿತನ ಅಂತ ನೀನು ಈಗಾಗಲೇ ತೀರ್ಪು ಕೊಟ್ಟಿರುತ್ತೀಯ, ಮೇಲ್ಮನವಿ ಹಾಕುವಷ್ಟು ತ್ರಾಣ ನನಗಿಲ್ಲ. ಸುಸ್ತಾಗಿದ್ದೇನೆ. ಕೆಲಸದಿಂದ ಆಗುವ ಸುಸ್ತಾದರೆ ಮಲಗಿ ಎದ್ದರೆ ಹೋಗುತ್ತದೆ. ಇದು ಹಾಗಲ್ಲ. ಬೆಳಿಗ್ಗೆ ಎದ್ದು ದೀಪದ ಸ್ವಿಚ್ಚಿಗೆ ಕೈ ಚಾಚಿದರೆ ನನ್ನ ಕೈ ಹಿಂದಿನ ಊರಿನ ಸ್ವಿಚ್ಚನ್ನು ಹುಡುಕುತ್ತದೆ. ಗೋಡೆ ಇರಬೇಕಾದ ಕಡೆ ಬಾಗಿಲು, ಬಾಗಿಲಿರಬೇಕಾದ ಕಡೆ ಬೀರು. ಮೊನ್ನೆ ಬೀರುವಿನ ಬಾಗಿಲು ತೆಗೆದು, ಬಚ್ಚಲು ಯಾಕೆ ಇಷ್ಟು ಚಿಕ್ಕದಾಯಿತು ಅಂತ ಯೋಚಿಸುತ್ತಾ ನಿಂತಿದ್ದೆ.

ಇಷ್ಟು ಪೀಠಿಕೆ ಸಾಕು. ಈ ಕಾಗದ ನಿಜವಾಗಿ ಒಂದು ಹಾರ್ಡ್‌ಡಿಸ್ಕಿನ ಬಗ್ಗೆ. ಹೋದ ವಾರ ಕೊರಿಯರ್‌ನಲ್ಲಿ ನಿನಗೆ ಬಂತಲ್ಲ, ಹಸಿರು ಪಟ್ಟಿ ಅಂಟಿಸಿದ್ದು, ಅದು. ಅದರಲ್ಲಿರುವುದು ಹೊರಗೆ ಬಂದರೆ ಇಬ್ಬರು ಅಕ್ಕತಂಗಿಯರು ಬೇರೆಯಾಗುತ್ತಾರೆ. ಯಾಕೆ ಫೋನು ಮಾಡಲಿಲ್ಲ ಅಂತ ಕೇಳಬೇಡ. ಫೋನಿನಲ್ಲಾದರೆ ನೀನು ಪ್ರಶ್ನೆ ಕೇಳುತ್ತೀಯ, ನಾನು ಉತ್ತರ ಹೇಳುತ್ತಾ ಹೇಳುತ್ತಾ ಮನಸ್ಸು ಬದಲಾಯಿಸುತ್ತೇನೆ. ಕಾಗದವನ್ನು ಅಂಚೆಡಬ್ಬಿಗೆ ಹಾಕಿದ ಮೇಲೆ ಹಿಂದಕ್ಕೆ ಎಳೆದುಕೊಳ್ಳಲು ಬರುವುದಿಲ್ಲ.

ನನ್ನ ಕಸುಬಿನ ಶಿಸ್ತು ನಿನಗೆ ಗೊತ್ತು. ಚಿತ್ರೀಕರಿಸಿದ್ದನ್ನೆಲ್ಲ ಅವತ್ತೇ ಮೂರು ಪ್ರತಿ ಮಾಡುತ್ತೇನೆ. ಒಂದು ಕ್ಯಾಮೆರಾ ಚೀಲದಲ್ಲಿ, ಒಂದು ಬಟ್ಟೆಯ ಪೆಟ್ಟಿಗೆಯಲ್ಲಿ, ಒಂದು ನಿನ್ನ ಹತ್ತಿರ. ಚೀಲ ಕಳುವಾದರೆ ಪೆಟ್ಟಿಗೆ, ಪೆಟ್ಟಿಗೆ ನೀರಿಗೆ ಬಿದ್ದರೆ ಅಕ್ಕ. ಅಕ್ಕ ನೀರಿಗೆ ಬೀಳುವ ಹಾಗಿಲ್ಲ. ಬೇರೆಯವರು ಇದಕ್ಕೆ ಬಾಡಿಗೆಗೆ ಜಾಗ ತೆಗೆದುಕೊಳ್ಳುತ್ತಾರೆ, ನನಗೆ ನಿನ್ನ ಬಟ್ಟೆಯ ಬೀರು ಸಾಕಾಗಿದೆ. ಡಿಸ್ಕಿಗೆ ತೇವ ತಾಗಬಾರದು ಅಂದಿದ್ದಕ್ಕೆ ನೀನು ಅವನ್ನೆಲ್ಲ ಮಹಡಿಯ ಮೇಲೆ ಬಿಸಿಲಿಗೆ ಹರಡಿ, ಕಾಗೆ ಬಾರದ ಹಾಗೆ ಪಕ್ಕದಲ್ಲಿ ಕೂತಿದ್ದೆಯಂತೆ. ನಿನ್ನ ಮಗಳು ಹೇಳಿದಳು. ನಾನು ನಕ್ಕೆ, ಆಮೇಲೆ ಎದೆ ಹಿಡಿದುಕೊಂಡು ಕೂತೆ. ಅದಾದ ಮೇಲೂ ಎಲ್ಲ ಡಿಸ್ಕುಗಳು ಕೆಲಸ ಮಾಡುತ್ತಿವೆ ಅನ್ನುವುದು ವಿಜ್ಞಾನಕ್ಕೆ ಬಿಟ್ಟ ವಿಷಯ.

ಈ ಸಲದ ಸಾಕ್ಷ್ಯಚಿತ್ರ ದೊಡ್ಡ ಆಸ್ಪತ್ರೆಯೊಂದರ ಬಟ್ಟೆ ಒಗೆಯುವ ವಿಭಾಗದ ಮೇಲೆ. ಆಸ್ಪತ್ರೆಯ ನೆಲಮಾಳಿಗೆ. ಒಂದು ತುದಿಯಲ್ಲಿ ಕೊಳೆಬಟ್ಟೆಯ ಗಾಡಿಗಳು ಬರುತ್ತವೆ, ಇನ್ನೊಂದು ತುದಿಯಿಂದ ಮಡಿಸಿದ ಬೆಡ್‌ಶೀಟುಗಳು ಹೋಗುತ್ತವೆ. ನಡುವೆ ಆನೆ ಮಲಗಿದ ಹಾಗೆ ಯಂತ್ರಗಳು, ಆವಿ, ಸೋಪಿನ ವಾಸನೆ. ಲೆನ್ಸು ಒರೆಸಿ ಒರೆಸಿ ನನ್ನ ಬೆರಳು ಸವೆದುಹೋಗಿದೆ.

ಅಲ್ಲಿ ಇಬ್ಬರು ಅಕ್ಕತಂಗಿಯರು ಬೆಡ್‌ಶೀಟು ಮಡಿಸುತ್ತಾರೆ. ಅಕ್ಕ ಗಿಡ್ಡ, ತಂಗಿ ಉದ್ದ. ಎದುರುಬದುರು ನಿಂತು, ತುದಿ ಹಿಡಿದು, ಒಮ್ಮೆ ಝಾಡಿಸಿ, ಮಡಿಸಿ, ಒಬ್ಬರ ಕಡೆಗೆ ಒಬ್ಬರು ನಡೆದು ತುದಿಗೆ ತುದಿ ಸೇರಿಸುತ್ತಾರೆ. ಮತ್ತೆ ಹಿಂದೆ ಹೋಗುತ್ತಾರೆ, ಮತ್ತೆ ಬರುತ್ತಾರೆ. ಬಾಯಿ ಮಾತ್ರ ಜಗಳವಾಡುತ್ತಲೇ ಇರುತ್ತದೆ. ನೀನು ಎಳೀತೀಯ ಅಂತ ಇವಳು, ನೀನು ಬಿಡ್ತೀಯ ಅಂತ ಅವಳು. ಮೇಲ್ವಿಚಾರಕರನ್ನು ಕೇಳಿದೆ, ಇವರಿಬ್ಬರನ್ನು ಬೇರೆ ಬೇರೆ ಪಾಳಿಗೆ ಹಾಕಬಾರದೇ ಅಂತ. ಒಮ್ಮೆ ಹಾಕಿ ನೋಡಿದರಂತೆ, ಇಬ್ಬರೂ ಮಂಕಾಗಿ ಕೂತು ಕೆಲಸವೇ ಸಾಗಲಿಲ್ಲವಂತೆ. ಇಬ್ಬರೂ ಒಂದೇ ಮನೆಯಲ್ಲಿ ಇರುವುದು. ಮದುವೆಯಾಗಿದ್ದು ತಂಗಿಗೆ ಮಾತ್ರ, ಗಂಡ ಈಗಿಲ್ಲ.

ಒಂದು ಮಧ್ಯಾಹ್ನ ತಂಗಿ ಹಲ್ಲು ತೋರಿಸಿಕೊಂಡು ಬರಲು ಹೋಗಿದ್ದಳು. ಒಬ್ಬರೇ ಮಡಿಸಲು ಬರುವುದಿಲ್ಲವಾದ್ದರಿಂದ ಅಕ್ಕ ಬಟ್ಟೆಯ ರಾಶಿಗೆ ಒರಗಿ ಕೂತರು. ನಾನು ಕ್ಯಾಮೆರಾವನ್ನು ಸ್ಟ್ಯಾಂಡಿನ ಮೇಲೆ ಹಾಗೇ ಬಿಟ್ಟು ಪಕ್ಕದಲ್ಲಿ ಕೂತೆ. ಸುಮ್ಮನೆ ಮಾತು ಶುರುವಾಯಿತು. ಸ್ವಲ್ಪ ಹೊತ್ತಿಗೆ ಅವರು ನನ್ನನ್ನು ಮರೆತರು, ಕ್ಯಾಮೆರಾವನ್ನಂತೂ ಎಂದೋ ಮರೆತಿದ್ದರು. ತಂಗಿಯ ಬಗ್ಗೆ, ತಂಗಿಗೆ ಇದುವರೆಗೆ ಹೇಳದ ಒಂದು ಮಾತು ಹೇಳಿದರು. ಎದುರಿಗಿದ್ದ ಬಿಳಿ ರಾಶಿಗೆ ಹೇಳಿದ ಹಾಗೆ ಹೇಳಿದರು, ಅಳಲೂ ಇಲ್ಲ. ಏನು ಹೇಳಿದರು ಅನ್ನುವುದನ್ನು ಇಲ್ಲಿ ಬರೆಯುವುದಿಲ್ಲ. ಬರೆದರೆ ಅದು ನಾಲ್ಕನೇ ಪ್ರತಿಯಾಗುತ್ತದೆ.

ಕೆಲಸದ ಕೊನೆಯ ದಿನ ಎಲ್ಲರೂ ಟೀ ಕುಡಿಯುತ್ತಾ, ನಮ್ಮನ್ನು ನಮಗೇ ತೋರಿಸಿ ಅಂದರು. ಚಿಕ್ಕ ಪರದೆಯ ಸುತ್ತ ಮುತ್ತಿಕೊಂಡು, ಒಬ್ಬರ ನಡಿಗೆ ನೋಡಿ ಒಬ್ಬರು ನಕ್ಕಿದ್ದೇ ನಕ್ಕಿದ್ದು. ತಮ್ಮ ಹೊಟ್ಟೆ ಅಷ್ಟೊಂದು ಮುಂದೆ ಬಂದಿದೆ ಅನ್ನುವುದು ಮೇಲ್ವಿಚಾರಕರಿಗೆ ಅವತ್ತೇ ತಿಳಿದದ್ದು. ಆಗ ತಂಗಿ ಕೇಳಿದಳು, ನಾನು ಹಲ್ಲಿಗೆ ಹೋದಾಗ ನಮ್ಮಕ್ಕನ್ನ ಒಬ್ಬಳನ್ನೇ ಕೂರಿಸಿ ಏನೋ ತೆಗೆದ್ರಂತಲ್ಲ, ಅದನ್ನ ಹಾಕಿ, ನನ್ನ ಬೈದಿರ್ತಾಳೆ ಅಂತ. ನಾನು ಅಕ್ಕನ ಕಡೆ ನೋಡಿದೆ. ಲೋಟ ಹಿಡಿದ ಕೈ ಹಾಗೇ ನಿಂತಿತ್ತು. ಅದರಲ್ಲಿ ಬರೀ ಆವಿ ತುಂಬಿಕೊಂಡಿದೆ, ಮುಖವೇ ಕಾಣಲ್ಲ ಅಂತ ಹೇಳಿ ನಾನು ಪರದೆ ಮುಚ್ಚಿದೆ.

ಸಾಮಾನು ಕಟ್ಟುತ್ತಿದ್ದಾಗ ಅಕ್ಕ ಗಾಡಿ ತಳ್ಳಿಕೊಂಡು ಬಂದರು. ಗಾಡಿಯಲ್ಲಿ ಏನೂ ಇರಲಿಲ್ಲ.

‘ಅದೂ ಇದೆಯೇನಮ್ಮಾ?’

‘ಇದೆ.’

‘ಕೆಂಪು ದೀಪ ಇರಲಿಲ್ಲವಲ್ಲ.’

ಇರಲಿಲ್ಲ, ನಿಜ. ಕ್ಯಾಮೆರಾ ಓಡುವಾಗ ಉರಿಯುವ ಆ ದೀಪ ಕಂಡರೆ ಜನ ಮದುವೆಗೆ ಬಂದವರ ಹಾಗೆ ನೆಟ್ಟಗೆ ಕೂತು ಗಂಟಲು ಸರಿಮಾಡಿಕೊಳ್ಳುತ್ತಾರೆ ಅಂತ ಅದರ ಮೇಲೆ ಕಪ್ಪು ಟೇಪು ಅಂಟಿಸುವುದು ನಮ್ಮ ಕಸುಬಿನವರ ಅಭ್ಯಾಸ. ಅಂಟಿಸಿರುವುದನ್ನು ನಾನೇ ಮೊದಲ ದಿನ ಎಲ್ಲರಿಗೂ ತೋರಿಸಿದ್ದೆ. ಅವರು ಮರೆತಿದ್ದರು. ಮರೆಯಲಿ ಅಂತಲೇ ಅಲ್ಲವೇ ಅಂಟಿಸುವುದು.

ಚಿತ್ರದಲ್ಲಿ ಅದನ್ನು ಹಾಕುವುದಿಲ್ಲ ಅಂತ ಮಾತು ಕೊಟ್ಟೆ. ಸಾಲದು ಅಂದರು, ಅಳಿಸಬೇಕಂತೆ. ನಾನು ನನ್ನ ಶಿಸ್ತಿನ ಪುರಾಣ ಬಿಚ್ಚಿದೆ: ಎಷ್ಟು ಭದ್ರವಾಗಿ ಇಡುತ್ತೇನೆ, ಹೇಗೆ ಯಾರ ಕಣ್ಣಿಗೂ ಬೀಳುವುದಿಲ್ಲ, ಬೆಂಕಿ ಬಿದ್ದರೂ ಹೇಗೆ ಉಳಿಯುತ್ತದೆ. ಅವರು ಪೂರ್ತಿ ಕೇಳಿಸಿಕೊಂಡರು.

‘ಯಾರೂ ನೋಡಲ್ಲ ಅಂದ್ರೆ ಇಟ್ಕೊಳ್ಳೋದು ಯಾಕೆ?’

ಆಗಲೇ ಕಟ್ಟಿ ಮುಗಿಸಿದ್ದ ಚೀಲವನ್ನು ನಾನು ಬಿಚ್ಚಿ ಮತ್ತೆ ಕಟ್ಟಿದೆ.

‘ಎಲ್ಲೋ ಇದ್ದರೆ ಒಂದಲ್ಲ ಒಂದು ದಿನ ಅವಳ ಕಿವಿಗೆ ಬೀಳುತ್ತೆ,’ ಅಂದರು. ‘ಅವಳು ಜಗಳ ಆಡಿದ್ರೆ ಪರವಾಗಿಲ್ಲ, ದಿನಾ ಆಡ್ತೀವಿ. ಅವಳು ಸುಮ್ಮನಾಗಿಬಿಡ್ತಾಳೆ. ಆಮೇಲೆ ಬೆಡ್‌ಶೀಟಿನ ಆ ತುದಿ ಯಾರು ಹಿಡೀತಾರೆ?’

ಆಗ ಮೂರು ಪ್ರತಿಗಳ ಕಥೆ ಹೇಳಬೇಕಾಯಿತು. ಎರಡು ಇಲ್ಲಿವೆ, ಮೂರನೆಯದು ಆಗಲೇ ನಮ್ಮಕ್ಕನ ಮನೆ ಸೇರಿದೆ ಅಂದೆ. ಅವರ ಮುಖ ಇಳಿಯಿತು. ನಿಮ್ಮಕ್ಕ ನೋಡಿಬಿಟ್ಟಿರ್ತಾರಾ ಅಂತ ಕೇಳಿದರು. ಇಲ್ಲ, ನಾನು ತೆಗೆದಿದ್ದನ್ನು ನೋಡಿದರೆ ಅವಳಿಗೆ ನಿದ್ದೆ ಬರುತ್ತೆ ಅಂದೆ. ಆ ಮಾತುಕತೆಯಲ್ಲಿ ಅವರು ನಕ್ಕಿದ್ದು ಆಗೊಮ್ಮೆ ಮಾತ್ರ. ಹಾಗಾದರೆ ಅವರಿಗೆ ಹೇಳಿ, ಅಕ್ಕ ಅಲ್ವಾ, ಅರ್ಥ ಮಾಡ್ಕೋತಾರೆ ಅಂದು ಖಾಲಿ ಗಾಡಿ ತಳ್ಳಿಕೊಂಡು ಹೊರಟರು. ಅದರ ಒಂದು ಚಕ್ರ ಕಿರ್ ಅನ್ನುತ್ತಿತ್ತು.

ಇಷ್ಟಕ್ಕೇ ಮುಗಿದಿದ್ದರೆ ಚೆನ್ನಾಗಿತ್ತು. ಆದರೆ ನನ್ನ ಬಾಯಿ ನಿನಗೆ ಗೊತ್ತಲ್ಲ. ಅವರು ಮಾತಾಡಿದ ದಿನವೇ ಕುಣಿದಾಡಿಕೊಂಡು ನಿರ್ಮಾಪಕ ಮಹಾಶಯರಿಗೆ ಫೋನು ಮಾಡಿ, ಚಿನ್ನ ಸಿಕ್ಕಿದೆ ಅಂದುಬಿಟ್ಟಿದ್ದೆ. ಈಗ ಅವರಿಗೆ ಚಿನ್ನ ಬೇಕು. ಆಕೆ ಬೇಡ ಅನ್ನುತ್ತಿದ್ದಾರೆ ಅಂದರೆ, ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿದ್ದಾರೆ ತಾನೇ ಅನ್ನುತ್ತಾರೆ. ಸಹಿಯೇನೋ ಇದೆ. ಬೇಡ ಅಂದವರೇ ಆಮೇಲೆ ಪರದೆ ಮೇಲೆ ನೋಡಿ ಕಣ್ಣೊರೆಸಿಕೊಂಡು ಕೈಮುಗಿಯುತ್ತಾರಂತೆ. ನೀನು ತುಂಬ ದಣಿದಿದ್ದೀಯ, ದಣಿದವರು ತೀರ್ಮಾನ ತಗೋಬಾರದು ಅಂತ ಹಿತವಚನ ಬೇರೆ. ಮಾತಿನ ಕೊನೆಗೆ ಮೆಲ್ಲಗೆ, ನಮ್ಮ ಎಡಿಟರ್ ತಿಂಗಳ ಕೊನೆಗೆ ನಿಮ್ಮಕ್ಕನ ಊರಿನ ಕಡೆ ಹೋಗ್ತಾನೆ, ಹಾಗೇ ಆ ಮೂರನೇ ಡಿಸ್ಕು ಎತ್ತಿಕೊಂಡು ಬರ್ತಾನೆ ಅಂದರು.

ಆ ಎಡಿಟರ್ ಒಳ್ಳೆಯವನೇ. ಹಿಂದೆ ಬಂದಾಗ ನಿನ್ನ ಅಡುಗೆ ಹೊಗಳಿ ಹೊಗಳಿ ಎರಡು ಹೊತ್ತಿನದನ್ನು ಒಂದೇ ಹೊತ್ತಿಗೆ ಮುಗಿಸಿದನಲ್ಲ, ಅವನೇ. ಈ ಸಲವೂ ಬಂದರೆ ಊಟ ಹಾಕು, ಡಿಸ್ಕು ಕೊಡಬೇಡ. ಸುಳ್ಳು ಹೇಳುವುದೂ ಬೇಡ. ನನ್ನ ತಂಗಿ ನಾಶ ಮಾಡು ಅಂದಳು, ಮಾಡಿದೆ ಅಂದುಬಿಡು. ನಿರ್ಮಾಪಕರಿಗೆ ನಾನೂ ಅದನ್ನೇ ಬರೆಯುತ್ತಿದ್ದೇನೆ. ಅವರು ನನಗೆ ಇನ್ನು ಮುಂದೆ ಕೆಲಸ ಕೊಡಲಿಕ್ಕಿಲ್ಲ.

ನಾಶ ಮಾಡುವುದು ಹೇಗೆ ಅಂದರೆ, ಕಂಪ್ಯೂಟರಿಗೆ ಹಾಕಬೇಡ. ನಿನ್ನ ಮಗಳು ಸಹಾಯಕ್ಕೆ ಬರುತ್ತಾಳೆ, ಸಹಾಯಕ್ಕೆ ಬಂದವಳು ನೋಡುತ್ತಾಳೆ. ಭಾವನಿಗೆ ಕೊಡು. ಅವರು ನಿವೃತ್ತರಾಗಿ ಆ ಡ್ರಿಲ್ಲಿಂಗ್ ಮಷೀನು ಕೊಂಡಾಗಿನಿಂದ ನಿಮ್ಮ ಮನೆಯ ಗೋಡೆಗಳು ಜರಡಿಯಾಗಿವೆ, ಇನ್ನು ತೂತು ಹೊಡೆಯಲು ಜಾಗವಿಲ್ಲ ಅಂತ ಕೊರಗುತ್ತಿದ್ದರಲ್ಲ. ಡಿಸ್ಕಿನೊಳಗೆ ದುಂಡನೆಯ ತಟ್ಟೆಗಳಿರುತ್ತವೆ, ಅವುಗಳ ಆಚೆಗೆ ಹೋಗುವ ಹಾಗೆ ಮೂರ್ನಾಲ್ಕು ಕಡೆ ಕೊರೆದರೆ ಸಾಕು. ಕನ್ನಡಕ ಹಾಕಿಕೊಳ್ಳಲು ಹೇಳು. ಯಾಕೆ ಅಂತ ಕೇಳಿದರೆ ಕೆಟ್ಟುಹೋಗಿದೆ ಅನ್ನು, ಅವರು ಅಷ್ಟಕ್ಕೇ ತೃಪ್ತರು. ಅದರಲ್ಲಿರುವ ಉಳಿದ ದೃಶ್ಯಗಳ ಬಗ್ಗೆ ಚಿಂತೆ ಬೇಡ, ಅವು ನನ್ನ ಹತ್ತಿರ ಬೇರೆಯಾಗಿ ಇವೆ.

ಮಗಳಿಗೆ ಒಳ್ಳೆಯದಾಗಲಿ, ಪರೀಕ್ಷೆಯಲ್ಲಿ ಬರೆದದ್ದೆಲ್ಲ ಸರಿಯಾಗಿರಲಿ, ಬರೆಯದೆ ಬಿಟ್ಟದ್ದನ್ನು ಯಾರೂ ಕೇಳದಿರಲಿ. ಭಾವನಿಗೆ ನಮಸ್ಕಾರ. ನಿನ್ನ ಮಂಡಿನೋವಿಗೆ ನಾನು ಬರುವಷ್ಟರಲ್ಲಿ ಬುದ್ಧಿ ಬಂದಿರಲಿ. ಇಲ್ಲಿಂದಲೇ ಕಾಲಿಗೆ ಬಿದ್ದಿದ್ದೇನೆ, ತಲೆ ಮೇಲೆ ಕೈಯಿಟ್ಟು ಹರಸು.

ಇತಿ,
ನೀನೇ ಹೆಸರಿಟ್ಟ
ಕಾಲುಸುಟ್ಟ ಬೆಕ್ಕು

ಮರೆತ ಮಾತು: ಮರೆತಿರಲಿಲ್ಲ, ಬರೆಯಲು ಧೈರ್ಯವಿರಲಿಲ್ಲ. ಇಲ್ಲಿದ್ದ ಎರಡರಲ್ಲಿ ಒಂದನ್ನು ಮಾತ್ರ ಅಳಿಸಿದ್ದೇನೆ. ಅದು ಸಲೀಸಾಗಿ ಆಯಿತು, ಇನ್ನೆರಡು ಇದ್ದವಲ್ಲ. ಇನ್ನೊಂದನ್ನೂ ಈಗಲೇ ಅಳಿಸಬಲ್ಲೆ, ನಿನ್ನ ಬೀರುವಿನಲ್ಲಿ ಒಂದಿದೆ ಅನ್ನುವ ಧೈರ್ಯದ ಮೇಲೆ. ಹಾಗೆ ಅಳಿಸಿದರೆ ಅಳಿಸಿದ ಹಾಗಲ್ಲ. ಊರಿಗೆ ಬಂದವಳು ನಿನಗಿಂತ ಮೊದಲು ಬೀರುವನ್ನು ಮಾತಾಡಿಸುತ್ತೇನೆ.

ಇಷ್ಟು ವರ್ಷ ಊರೂರು ಅಲೆದು, ಜನರ ಮುಂದೆ ಕ್ಯಾಮೆರಾ ಇಟ್ಟು ಕಾದಿದ್ದೇ ಇಂಥದೊಂದು ಮಾತಿಗೆ. ಎಲ್ಲರೂ ನನಗೆ ಬೇಕಾದ್ದನ್ನು ಹೇಳಿದರು, ಚೆನ್ನಾಗಿಯೇ ಹೇಳಿದರು. ನಿಜ ಹೇಳಿದ್ದು ಇವರೊಬ್ಬರೇ. ನಿನ್ನೆ ಮತ್ತೆ ಹಾಕಿಕೊಂಡು ನೋಡಿದೆ. ಬೆಳಕು, ಆವಿ, ಅವರ ಮುಖ, ಎಲ್ಲ ತಾನಾಗಿ ಕೂಡಿಬಂದಿದೆ. ಅಂಥದನ್ನು ನಾನು ಇನ್ನೊಮ್ಮೆ ತೆಗೆಯುವುದಿಲ್ಲ, ಅಕ್ಕ. ಇನ್ನೊಂದಕ್ಕೆ ಕಾಯುವಷ್ಟು ಶಕ್ತಿ ಉಳಿದಿಲ್ಲ. ಇದು ಹೋದರೆ, ಏನು ಮಾಡಿದೆ ಇಷ್ಟು ದಿನ ಅಂತ ಯಾರಾದರೂ ಕೇಳಿದಾಗ ತೋರಿಸಲು ನನ್ನ ಹತ್ತಿರ ಏನೂ ಇರುವುದಿಲ್ಲ.

ಅದಕ್ಕೇ ನಿನ್ನದು ಮೊದಲು ಹೋಗಲಿ. ಕೊನೆಯದು ಅಂತ ಗೊತ್ತಿದ್ದು ಅಳಿಸುವುದು ನನ್ನ ಪಾಲಿಗಿರಲಿ, ಅವರು ಕೇಳಿದ್ದು ನನ್ನನ್ನು. ಭಾವ ಕೊರೆದು ಮುಗಿಸಿದ ಮೇಲೆ ಒಂದು ಮಿಸ್ಡ್ ಕಾಲ್ ಕೊಡು. ನಾನು ಎತ್ತುವುದಿಲ್ಲ. ಅಕಸ್ಮಾತ್ ಎತ್ತಿದರೆ ಏನೂ ಮಾತಾಡಬೇಡ, ಇಟ್ಟುಬಿಡು.