ಹತ್ತನೆಯವರು

ಬುಡಾಪೆಸ್ಟ್,
ನವೆಂಬರ್ ೩, ೧೯೪೬

ಪ್ರೀತಿಯ ಬೆನ್ನೋ ಅಣ್ಣನಿಗೆ,

ಹೈಫಾದ ಬಿಸಿಲಿಗೆ ನಿನ್ನ ಕೆಮ್ಮು ಇಳಿಯಿತೇ? ಅತ್ತಿಗೆಯ ಸೊಂಟನೋವು ಹೇಗಿದೆ? ನಾನು ಆರೋಗ್ಯವಾಗಿದ್ದೇನೆ. ಅಡುಗೆಮನೆಯ ಕಿಟಕಿಗೆ ಕೊನೆಗೂ ಗಾಜು ಬಂತು. ಇಷ್ಟು ದಿನ ರಟ್ಟು ಬಡಿದುಕೊಂಡು ಇದ್ದವಳು, ಒಲೆಯ ಮೇಲೆ ಬಿಸಿಲು ಬಿದ್ದದ್ದನ್ನು ನೋಡಿ ಸುಮ್ಮನೆ ಕೂತುಬಿಟ್ಟೆ. ಪ್ಲಮ್ ಹಣ್ಣಿನ ಪಾಕ ಕಾಯಿಸಿದ್ದೇನೆ, ಅಮ್ಮ ಮಾಡುತ್ತಿದ್ದಷ್ಟು ಗಟ್ಟಿಯಾಗಿಲ್ಲ. ತಿನ್ನುವವಳು ನಾನೊಬ್ಬಳೇ, ನಡೆಯುತ್ತದೆ.

ನಿನ್ನ ಪತ್ರವನ್ನು ಮತ್ತೆ ಮತ್ತೆ ಓದಿದೆ. ತೀರಿಹೋದ ಅಪ್ಪನಿಗಾಗಿ ಮಗನಾಗಿ ಕದ್ದಿಶ್ ಪ್ರಾರ್ಥನೆ ಹೇಳು ಎಂದು ಕೇಳಿದ್ದಕ್ಕೆ ನೀನು ಬರೆದೆ: "ಆ ಪ್ರಾರ್ಥನೆಯಲ್ಲಿ ಸತ್ತವರ ಮಾತೇ ಇಲ್ಲ, ಎಲ್ಲಾ ದೇವರ ಹೊಗಳಿಕೆ. ಅಪ್ಪನನ್ನೂ ಎರ್ವಿನ್‌ನನ್ನೂ ನುಂಗಿದವನನ್ನು ಹೊಗಳೋ ಬಾಯಿ ನನಗಿಲ್ಲ ಗಿಟ್ಟೆಲ್." ನನಗೆ ಸಿಟ್ಟು ಬರಲಿಲ್ಲ. ನಮ್ಮ ತಮ್ಮನ ಹೆಸರನ್ನು ನಿನ್ನ ಕೈಬರಹದಲ್ಲಿ ಕಂಡು ಸ್ವಲ್ಪ ಹೊತ್ತು ಕಾಗದ ಮಡಿಸಿಟ್ಟೆ, ಅಷ್ಟೇ. ಆದರೆ ಮಗಳು ಅದನ್ನು ಹೇಳುವ ಪದ್ಧತಿ ನಮ್ಮಲ್ಲಿಲ್ಲ, ಉಳಿದ ಗಂಡುಮಗ ನೀನೊಬ್ಬನೇ. ನೀನೂ ಹೇಳದಿದ್ದರೆ ಅಪ್ಪ ಯಾರೂ ಇಲ್ಲದವರಂತೆ ಹೋದ ಹಾಗಾಯಿತಲ್ಲ ಎಂದು ಒಳಗೇ ಕೊರೆಯುತ್ತಿತ್ತು.

ಅವರು ತೀರಿಕೊಂಡ ದಿನ ಗೊತ್ತಿಲ್ಲವಲ್ಲ. "ಕಡೇ ಸಲ ಕಂಡ ದಿನವನ್ನೇ ಇಟ್ಕೋಮ್ಮ" ಎಂದಿದ್ದರು ನಮ್ಮ ಧರ್ಮಗುರು ರಬ್ಬಿ. ಅಂದರೆ ಎರಡು ವರ್ಷದ ಹಿಂದೆ ಅಪ್ಪನನ್ನೂ ಎರ್ವಿನ್‌ನನ್ನೂ ಯಹೂದಿಗಳೆಂದು ನಾಜಿ ಬಂಟರು ನಮ್ಮ ಅಂಗಳದಿಂದ ಸಾಲುಗಟ್ಟಿಸಿ ಕರೆದೊಯ್ದ ದಿನ. ನಮ್ಮ ಪಂಚಾಂಗದಂತೆ ಈ ವರ್ಷ ಅದು ಕಳೆದ ಸೋಮವಾರ ಬಂತು. ಮಂದಿರ ನೋಡಿಕೊಳ್ಳುವ ಆನ್ಷೆಲ್ ಅಜ್ಜ ನಿನ್ನ ಬದಲು ಕದ್ದಿಶ್ ಹೇಳಲು ಒಪ್ಪಿದ್ದರು, ಬೆಳಿಗ್ಗೆಯೇ ಹೋದೆ. ಹತ್ತು ಗಂಡಸರಿಲ್ಲದೆ ಹೇಳುವ ಹಾಗಿಲ್ಲ, ಅಜ್ಜನೂ ಸೇರಿ ಬಂದವರು ಒಂಬತ್ತೇ ಜನ. ಹಿಂದೆ ಆ ಬೆಂಚುಗಳ ಜಾಗಕ್ಕಾಗಿ ಜಗಳವಾಗುತ್ತಿತ್ತು, ನಿನಗೆ ಗೊತ್ತು. ಕಾದೆವು. ದರ್ಜಿ ಮೋರಿಟ್ಸ್ ಬೇಸತ್ತು, "ಹತ್ತನೆಯವನಾಗಿ ಆ ಮೇಲಿನವನನ್ನೇ ಕರೀರಿ ಅಜ್ಜ, ಅವನಿಗೇನು ಬೇರೆ ಕೆಲಸ ಇದೆಯಾ" ಎಂದ. ಅಜ್ಜ ಪುಸ್ತಕದಿಂದ ತಲೆ ಎತ್ತದೆ, "ಬರಲ್ಲಪ್ಪ. ನಮ್ಮ ಮುಖ ನೋಡೋಕೆ ಅವನಿಗೆ ನಾಚಿಕೆ" ಎಂದರು. ಒಂದಿಬ್ಬರು ನಕ್ಕರು.

ನಾನೇ ಬೀದಿಗಿಳಿದೆ. ಎದುರು ಮನೆಗೆ ಏಣಿ ಹಾಕಿಕೊಂಡು ಗಾಜಿನ ಕೆಲಸದ ಲಾಂಗರ್ ನಿಂತಿದ್ದರು. ಅವರ ಹೆಂಡತಿ, ಮಕ್ಕಳು ಯಾರೂ ಸೆರೆಶಿಬಿರದಿಂದ ಹಿಂತಿರುಗಲಿಲ್ಲ. ಅವರು ಮಂದಿರದ ಹೊಸ್ತಿಲು ತುಳಿಯುವುದನ್ನೇ ಬಿಟ್ಟಿದ್ದರು. ಹೆದರುತ್ತಲೇ ಕೇಳಿದೆ. "ಬರ್ತೀನಿ ತಾಯಿ. ಆದ್ರೆ ನನ್ನ ಬಾಯಿಂದ ಒಂದಕ್ಷರ ಹೊರಡಲ್ಲ, ಆಮೆನ್ ಕೂಡ. ನಡೆಯುತ್ತಾ?" ಎಂದರು. ಒಳಗೆ ಅಜ್ಜನಿಗೆ ತಿಳಿಸಿದರೆ, "ಆಸಾಮಿ ಇದ್ರೆ ಸಾಕು, ಬಾಯಿ ಬಿಡೋದು ಅವರಿಷ್ಟ" ಎಂದುಬಿಟ್ಟರು. ಲಾಂಗರ್ ಟೋಪಿಯನ್ನು ಹುಬ್ಬಿನವರೆಗೆ ಎಳೆದುಕೊಂಡು, ಬೆರಳಿಗೆ ಗಾಜಿನ ಅಂಟು ಮೆತ್ತಿದ ಹಾಗೆಯೇ ಗೋಡೆಗೆ ತಾಗಿ ನಿಂತರು. ಹೆಂಗಸರ ಜಾಗದ ತಡಿಕೆಯ ಹಿಂದಿನಿಂದ ನೋಡಿದೆ. ಉಳಿದವರು ಆಮೆನ್ ಎಂದಾಗಲೆಲ್ಲ ಅವರ ಗದ್ದ ಅಲುಗುತ್ತಿತ್ತು, ತುಟಿ ತೆರೆಯಲಿಲ್ಲ. ನಾನು ಆಮೆನ್ ಎಂದೆನೋ ಇಲ್ಲವೋ ನನಗೇ ತಿಳಿಯದು.

ಅತ್ತಿಗೆಗೆ ನನ್ನ ಪ್ರೀತಿ ತಿಳಿಸು. ನಿಮ್ಮಿಬ್ಬರನ್ನೂ ಕೇಡು ತಾಗದಂತೆ ಕಾಯಲಿ. ಯಾರು ಕಾಯಲಿ ಎಂದು ಬರೆಯುವ ಧೈರ್ಯ ಇವತ್ತು ನನಗಿಲ್ಲ.

ನಿನ್ನ ತಂಗಿ,
ಗಿಟ್ಟೆಲ್

ಮತ್ತೆ ಒಂದು ಮಾತು: ಇದನ್ನು ಬರೆಯಬಾರದು ಅಂದುಕೊಂಡಿದ್ದೆ. ಅಂದು ಮಂದಿರದಿಂದ ಹೊರಬಂದ ಮೇಲೆ ಲಾಂಗರ್ ಹೇಳಿದರು, ಅಪ್ಪನೂ ಅವರೂ ಕೊನೆಗೆ ಶಿಬಿರದ ಒಂದೇ ಬಿಡಾರದಲ್ಲಿದ್ದರಂತೆ. ಇಷ್ಟು ದಿನ ಹೇಳಲು ನಾಲಿಗೆ ಏಳಲಿಲ್ಲ ಎಂದರು. ಅಲ್ಲಿ ದಿನ, ತಾರೀಖು ಯಾರಿಗೂ ತಿಳಿಯುತ್ತಿರಲಿಲ್ಲವಂತೆ. ಎರ್ವಿನ್ ಸತ್ತಾಗ ಕದ್ದಿಶ್ ಹೇಳಿ ಎಂದು ಎಲ್ಲರೂ ಕೇಳಿಕೊಂಡರಂತೆ. ಅಪ್ಪ, ನಮ್ಮ ಅಪ್ಪ, "ಹೇಳಲ್ಲ" ಎಂದರಂತೆ. ಆಮೇಲೆ ಒಂದು ದಿನವೂ ಪ್ರಾರ್ಥಿಸಲಿಲ್ಲ. ಆದರೆ ಬೇರೆಯವರು ತಮ್ಮವರಿಗಾಗಿ ಸೇರಿ, ಒಬ್ಬರು ಕಡಿಮೆ ಬಿದ್ದಾಗಲೆಲ್ಲ, ಮಲಗಿದ ಹಲಗೆಯಿಂದ ಇಳಿದು ಹೋಗಿ ಬಾಯಿ ಬಿಗಿದುಕೊಂಡು ಹತ್ತನೆಯವರಾಗಿ ನಿಲ್ಲುತ್ತಿದ್ದರಂತೆ. ನಡೆಯಲಾಗದಿದ್ದಾಗ ಲಾಂಗರ್ ಹೆಗಲು ಕೊಡುತ್ತಿದ್ದರು. ನೀನು ಹೇಳಬೇಡ ಅಣ್ಣ. ಅಲ್ಲಿ ಎಲ್ಲಾದರೂ ಒಂಬತ್ತು ಜನ ಕಾಯುತ್ತಿದ್ದರೆ, ಹೋಗಿ ನಿಲ್ಲು.