ಅಳಿಸದೆ ಉಳಿದ ಸಣ್ಣ ಭಾಗ

ತೈನಾನ್
ಏಪ್ರಿಲ್ 14, 2019, ಭಾನುವಾರ

ಪ್ರೀತಿಯ ಜುಂಗ್-ಹೆ,

ನಾನೂ ನಿಮ್ಮ ಅಮ್ಮನೂ ಚೆನ್ನಾಗಿದ್ದೇವೆ. ಹುವಾಲಿಯೆನ್‌ನಲ್ಲಿ ನೀವೂ ನಿಮ್ಮ ಅಣ್ಣನ ಮನೆಯವರೂ ಕ್ಷೇಮವೆಂದು ನಂಬಿದ್ದೇನೆ. ನನಗಂತೂ ಕುಣಿಯುವಷ್ಟು ಖುಷಿ. ಅದನ್ನು ನಿಮಗಲ್ಲದೆ ಇನ್ಯಾರಿಗೆ ಬರೆಯಲಿ?

ಬುಧವಾರ ನಮ್ಮ ಲ್ಯಾಪ್‌ಟಾಪ್ ಕೈಕೊಟ್ಟಿತು. ಗುಂಡಿ ಒತ್ತಿದರೆ ಬರೀ ಕಪ್ಪು ಪರದೆ. ಅದು ಏಳದಿದ್ದರೆ ಕಸೂತಿ ಯಂತ್ರವೂ ಏಳುವುದಿಲ್ಲವಲ್ಲ! ನಾಟಕ ಮಂಡಳಿಯ ಲಿಯಾವ್ ಅಮ್ಮನವರು ಶನಿವಾರ ರಾಣಿಯಾಗಿ ತೊಡಬೇಕಿದ್ದ ನಿಲುವಂಗಿಯಲ್ಲಿ ಫೀನಿಕ್ಸ್ ಹಕ್ಕಿಗೆ ಒಂದೇ ರೆಕ್ಕೆ ಮೂಡಿತ್ತು. ನಿಮ್ಮ ಅಮ್ಮ ನೋಡಿ, "ಇದೇನೇ, ರಾಣೀಗೆ ಕುಂಟು ಕೋಳಿ ಹೊದಿಸಿ ಕಳಿಸ್ತೀಯಾ?" ಎಂದು ನಕ್ಕರು. ನನಗೆ ಅಳು ಬಂತು.

ರಿಪೇರಿ ಅಂಗಡಿಯ ಗುವೊ, "ಎಲ್ಲಾ ಅಳಿಸಿ ಹೊಸ ಸಿಸ್ಟಮ್ ಹಾಕೋಣ ಅಕ್ಕ, ಚಕಚಕ ಅಂತ ಓಡತ್ತೆ" ಎಂದ. "ಎಲ್ಲಾ ಬೇಡಪ್ಪ" ಎಂದೆ. ಲ್ಯಾಪ್‌ಟಾಪನ್ನೂ ಯಂತ್ರ ಮಾರಿದವರೇ ಕೊಟ್ಟಿದ್ದು. ಯಂತ್ರ ನಡೆಸುವ ಪ್ರೋಗ್ರಾಮಿನ ಪ್ರತಿ ಅದರ ಡಿಸ್ಕಿನಲ್ಲಿ 'ರಿಕವರಿ' ಎಂಬ ಸಣ್ಣ ಭಾಗದಲ್ಲಿದೆ, ಬೇರೆಲ್ಲೂ ಇಲ್ಲ. ಆ ಕಂಪನಿ ಬಾಗಿಲು ಮುಚ್ಚಿ ಎಷ್ಟೋ ಕಾಲವಾಯಿತು. "ಹಾಗಾದ್ರೆ ನೀವೇ ಅಳಿಸಿ, ಆಮೇಲೆ ನನ್ನ ಬೈಬೇಡಿ" ಎಂದು ಗುವೊ ಹೊಸ ಸಿಸ್ಟಮ್ ಇದ್ದ ಪೆನ್‌ಡ್ರೈವ್ ಕೈಗಿತ್ತ.

ಅಡುಗೆಮನೆಯ ಮೇಜಿನ ಮೇಲೆ ಲ್ಯಾಪ್‌ಟಾಪ್ ಇಟ್ಟು ಕೂತೆ. ಗುವೊ ಕೊಟ್ಟ ಪೆನ್‌ಡ್ರೈವ್ ಚುಚ್ಚಿದಾಗ ಪರದೆಯಲ್ಲಿ ಡಿಸ್ಕಿನ ಭಾಗಗಳೆಲ್ಲ ಸಾಲಾಗಿ ಬಂದವು. ದೊಡ್ಡದನ್ನು ಮಾತ್ರ ಅಳಿಸಬೇಕು. ಒಂದು ಸಾಲು ತಪ್ಪಿದರೂ ಯಂತ್ರ ಗುಜರಿಗೆ. ಅಮ್ಮ ಬೆನ್ನ ಹಿಂದೆ ನಿಂತು, "ಹೆಸರು ಗಟ್ಟಿಯಾಗಿ ಓದೇ, ಆಮೇಲೆ ಒತ್ತು" ಎಂದರು. ಓದಿದೆ. ಒತ್ತಿದೆ. ರಿಕವರಿ ಇದ್ದಲ್ಲೇ ಇತ್ತು! ಖಾಲಿಯಾದ ಜಾಗಕ್ಕೆ ಹೊಸ ಸಿಸ್ಟಮ್ ಇಳಿಸಿ, ಆ ಸಣ್ಣ ಭಾಗದಲ್ಲಿದ್ದ ಪ್ರೋಗ್ರಾಮನ್ನು ಮತ್ತೆ ಅದರೊಳಗೆ ಕೂರಿಸಿದೆ. ವೈರು ಚುಚ್ಚಿದ್ದೇ ತಡ, ಯಂತ್ರ ಟಕಟಕ ಎಂದಿತು. ಅಮ್ಮ ನನ್ನ ಕೈ ಹಿಡಿದು ಒಂದು ಸುತ್ತು ಕುಣಿದೇಬಿಟ್ಟರು.

ನಿನ್ನೆ ಲಿಯಾವ್ ಅಮ್ಮ ಎರಡೂ ರೆಕ್ಕೆ ಮೂಡಿದ ಫೀನಿಕ್ಸ್ ತೊಟ್ಟು ರಂಗದ ಮೇಲೆ ತೋಳು ಚಾಚಿದಾಗ ಜನ ಚಪ್ಪಾಳೆ ತಟ್ಟಿದ್ದು ಹಾಡಿಗೋ ನಿಲುವಂಗಿಗೋ ಗೊತ್ತಿಲ್ಲ. ಅಮ್ಮ ಮಾತ್ರ ಅಕ್ಕಪಕ್ಕದವರಿಗೆಲ್ಲ "ನಮ್ಮ ಸೊಸೆ ಮಾಡಿದ್ದು" ಎಂದು ಸಾರಿದರು. ಮಂಡಳಿಯವರು ಇನ್ನಷ್ಟು ನಿಲುವಂಗಿ ಬೇಕೆಂದಿದ್ದಾರೆ. ಯಂತ್ರ ಮಾರಿಬಿಡೋಣ ಎಂದು ಜಗಳವಾಡಿ ಹೊರಟಿರಲ್ಲ, ಆ ಮಾತು ನಾನು ಎತ್ತುವುದಿಲ್ಲ.

ನಿಮ್ಮ,
ಪೈ-ಶಾನ್

ತಾ.ಕ.: ಹೊಸ ಸಿಸ್ಟಮ್ ಯಜಮಾನರ ಹೆಸರು ಕೇಳಿತು, ನನ್ನ ಹೆಸರನ್ನೇ ಕೊಟ್ಟೆ. ಅದರ ಕೆಳಗೆ ನಿಮಗೂ ಒಂದು ಖಾತೆ ತೆರೆದಿದ್ದೇನೆ. ಪಾಸ್‌ವರ್ಡ್ ಇಟ್ಟಿಲ್ಲ. ಬಂದು ನೀವೇ ಇಡಿ.