ಹನ್ನೊಂದು ತಿಂಗಳ ಹೊಸಬ

ಜವಾಹರ್ ಕಾಲೊನಿ, ಫರೀದಾಬಾದ್
೧೪ ಅಕ್ಟೋಬರ್ ೨೦೦೭, ಭಾನುವಾರ

ನನ್ನ ಮುದ್ದು ಅಮ್ಮನಿಗೆ ಹಂಸಿನಿಯ ನೂರು ಮುತ್ತುಗಳು.

ಮುತ್ತುಗಳನ್ನು ಮೊದಲೇ ಕೊಟ್ಟುಬಿಟ್ಟೆ, ಏಕೆಂದರೆ ಮುಂದಿನದೆಲ್ಲ ಕೋಪ. ನಿನ್ನ ಮೇಲಲ್ಲ, ನಿನ್ನ ತಮ್ಮನ ಮೇಲೆ. ನಾನು ಮನೆಗೆ ಬಂದು ಕೂಗಾಡಿದೆನೆಂದು ಮುರಳೀಧರ ಮಾವ ಈಗಾಗಲೇ ನಿನಗೆ ಫೋನ್ ಮಾಡಿರುತ್ತಾರೆ. ಕೂಗಾಡಿದ್ದು ನಿಜ. ಅತ್ತೆ ಕೊಟ್ಟ ಕಾಫಿಯನ್ನು ಮುಟ್ಟದೆ ಎದ್ದು ಬಂದದ್ದೂ ನಿಜ. ಆದರೆ ಯಾಕೆ ಎಂಬುದನ್ನು ಅವರು ಹೇಳಿರುವುದಿಲ್ಲ. ಫೋನಿನಲ್ಲಾದರೆ ನಾನು ಅತ್ತುಬಿಡುತ್ತೇನೆ, ಅದಕ್ಕೇ ಬರೆಯುತ್ತಿದ್ದೇನೆ.

ಹೋದ ವಾರ ರಜತ್ ಕಾರ್ಖಾನೆಯಿಂದ ಬಂದು ಹತ್ತು ದಿನ ಕೆಲಸವಿಲ್ಲ ಎಂದ. (ಗಂಡನನ್ನು ‘ಅವನು’ ಎಂದು ಬರೆದದ್ದಕ್ಕೆ ಬೈಯಬೇಡ, ಪ್ಲೀಸ್.) ಮದುವೆಯಾಗಿ ನಾಲ್ಕು ತಿಂಗಳು, ಒಂದು ದಿನವೂ ಅವನು ರಜೆ ಹಾಕಿರಲಿಲ್ಲ. ನಾನು ಕುಣಿದಾಡಿದೆ. ಮದುವೆಯ ರಜೆ ಈಗ ಮಂಜೂರಾಯಿತಾ ಎಂದು ಕೇಳಿದೆ. ಅವನು ನಕ್ಕ. ಆ ನಗುವನ್ನು ನಾನು ‘ಹೌದು’ ಎಂದುಕೊಂಡೆ. ನೈನಿತಾಲಿಗೆ ಹೋದೆವು! ಎಂಥ ಸರೋವರ, ಎಂಥ ಮಂಜು, ದೋಣಿಯಲ್ಲಿ ಕೂತು ಸುಟ್ಟ ಜೋಳ ತಿಂದೆವು. ನನಗೆ ಕೆಂಪು ಸ್ವೆಟರ್ ಕೊಡಿಸಿ, ತನಗೆ ಚಳಿಯೇ ಆಗುವುದಿಲ್ಲ ಎಂದು ನಡುಗುತ್ತಾ ಹೇಳಿದ.

ಗುರುವಾರ ಮೈಸೂರ್‌ಪಾಕ್ ಮಾಡಿದೆ. ರಜತ್‌ಗೆ ಹೇಳದೆ ಡಬ್ಬಿ ಹಿಡಿದು ಕಾರ್ಖಾನೆಯ ಗೇಟಿಗೆ ಹೋಗಿ, ಅವನ ಸೂಪರ್‌ವೈಸರ್ ಚೌಧರಿಯವರನ್ನು ಕರೆಸಿ, ರಜೆ ಕೊಟ್ಟದ್ದಕ್ಕೆ ಧನ್ಯವಾದ ಹೇಳಿದೆ. ಆ ಮನುಷ್ಯ ಡಬ್ಬಿಯನ್ನೂ ನನ್ನನ್ನೂ ನೋಡಿ, “ಭಾಭೀಜಿ, ಯೆ ಛುಟ್ಟಿ ನಹೀಂ, ಬ್ರೇಕ್ ಹೈ” ಎಂದರು. ಗೇಟಿನ ಕಾವಲಿನವನು ನಕ್ಕ. ರಜೆ ಅಲ್ಲವಂತೆ, ಬ್ರೇಕಂತೆ.

ಏನೆಂದು ಹೇಳುತ್ತೇನೆ ಕೇಳು. ಗುತ್ತಿಗೆಯ ಕೆಲಸಗಾರರನ್ನು ಹನ್ನೊಂದು ತಿಂಗಳು ದುಡಿಸಿಕೊಂಡು ಹತ್ತು ದಿನ ಹೊರಗೆ ಹಾಕುತ್ತಾರೆ. ಪೂರ್ತಿ ಒಂದು ವರ್ಷ ದುಡಿದರೆ ಖಾಯಂ ಮಾಡಿ ಎಂದು ಕೇಳಿಯಾರೆಂಬ ಭಯ. ಹನ್ನೊಂದನೆಯ ದಿನ ಅದೇ ಗೇಟು, ಅದೇ ಯಂತ್ರ. ಕಾಗದದಲ್ಲಿ ಮಾತ್ರ ಹೊಸಬ, ಸಂಬಳವೂ ಹೊಸಬನದು. ರಜತ್ ಆರು ವರ್ಷಗಳಿಂದ ಪ್ರತಿ ವರ್ಷವೂ ಹೊಸಬ!

ಅವನ ಕೆಲಸ ಎಂಥದೆಂದು ನಿನಗೆ ಗೊತ್ತಾ? ಲಾರಿ ಎಂಜಿನ್ನಿನ ಕ್ರ್ಯಾಂಕ್‌ಶಾಫ್ಟನ್ನು ಗ್ರೈಂಡಿಂಗ್ ಯಂತ್ರದಲ್ಲಿ ಉಜ್ಜಿ ಅಳತೆಗೆ ತರುವುದು. ತಲೆಗೂದಲಿನ ದಪ್ಪದ ಹತ್ತರಲ್ಲಿ ಒಂದು ಪಾಲು ಹೆಚ್ಚುಕಮ್ಮಿಯಾದರೂ ಆ ಶಾಫ್ಟು ಗುಜರಿಗೆ, ಅದರ ದುಡ್ಡು ಇವನ ಸಂಬಳದಿಂದ ಕಡಿತ. ಪಕ್ಕದ ಯಂತ್ರದ ಜಗನ್ನಾಥ ಖಾಯಂ ನೌಕರ. ಅವನಿಗೆ ಹನ್ನೆರಡು ಸಾವಿರ, ರಜತ್‌ಗೆ ಮೂರು ಸಾವಿರದ ಒಂಬೈನೂರು. ಅಳತೆಯಲ್ಲಿ ಅನುಮಾನ ಬಂದರೆ ಜಗನ್ನಾಥ ಕರೆಯುವುದು ರಜತ್‌ನನ್ನೇ. ಕೈಚಳಕಕ್ಕೆ, ಅನುಭವಕ್ಕೆ ಸಂಬಳ ಎಂದುಕೊಂಡಿದ್ದೆ ನಾನು. ಯಾವ ರಿಜಿಸ್ಟರಿನಲ್ಲಿ ಹೆಸರಿದೆ ಎಂಬುದಕ್ಕೆ ಸಂಬಳ.

ಮನೆಗೆ ಬಂದು ಜಗಳವಾಡಿದೆ. ಯಾಕೆ ಹೇಳಲಿಲ್ಲ ಎಂದೆ. ನೀನು ಅಷ್ಟು ಖುಷಿಯಾಗಿದ್ದೆ ಎಂದ. ಆಮೇಲೆ ಟ್ರಂಕು ತೆಗೆದು ಆರು ವರ್ಷದ ಕಾಗದಗಳನ್ನು ಮುಂದಿಟ್ಟ. ಇಂಗ್ಲಿಷಿನಲ್ಲಿವೆ, ಅವನು ಒಮ್ಮೆಯೂ ಪೂರ್ತಿ ಓದಿಲ್ಲ. ಈಚಿನ ಮೂರು ವರ್ಷದವು ಬಹಳ ಸೊಗಸಾದ ಇಂಗ್ಲಿಷಿನಲ್ಲಿವೆ. ‘ನನಗೆ ಯಂತ್ರದ ಕೆಲಸದಲ್ಲಿ ಹಿಂದಿನ ಅನುಭವವಿಲ್ಲ, ಹಿಂದಿನ ಸೇವೆಯ ಮೇಲೆ ಹಕ್ಕಿಲ್ಲ’ ಎಂದಿದೆ. ಕೊನೆಯ ಸಾಲು: ‘ಕಲಿಯುವ ಈ ಅವಕಾಶಕ್ಕಾಗಿ ನಾನು ಹೃತ್ಪೂರ್ವಕವಾಗಿ ಕೃತಜ್ಞನಾಗಿದ್ದೇನೆ.’

ಅಮ್ಮಾ, ಹೊಟ್ಟೆ ಉರಿದುಹೋಯಿತು. ಅನ್ಯಾಯ ಮಾಡುವುದಲ್ಲದೆ ಅವನ ಕೈಯಿಂದಲೇ ಥ್ಯಾಂಕ್ಸ್ ಬರೆಸಿಕೊಳ್ಳುವುದೇ? ಇದನ್ನು ಬರೆದ ಕೈ ಸೇದಿಹೋಗಲಿ ಎಂದು ಗಟ್ಟಿಯಾಗಿ ಶಾಪ ಹಾಕಿದೆ. “ಬಿಡೇ, ಯಾರೋ ಚೆನ್ನಾಗಿ ಓದಿದವರು ಬರೆದಿರ್ತಾರೆ” ಎಂದ ರಜತ್.

ಶುಕ್ರವಾರ ಮಾವನ ಮನೆಗೆ ಹೋದೆ. ಆ ಕಾರ್ಖಾನೆಯ ಪರ್ಸೊನೆಲ್ ಆಫೀಸರ್ ಅವರೇ ತಾನೇ, ಗುತ್ತಿಗೆಯವರ ಕಾಗದಗಳೆಲ್ಲ ಅವರ ಮೇಜಿನಿಂದಲೇ ಹೊರಡುವುದು. ನೀನು ಮದುವೆಗೆ ಒಪ್ಪದೆ ಹಟ ಹಿಡಿದಾಗ, ಹುಡುಗನ ಕೈ ಚಿನ್ನ, ಆರು ವರ್ಷದ ಸರ್ವೀಸ್ ಇದೆ ಎಂದು ನಿನ್ನನ್ನು ಒಪ್ಪಿಸಿದವರೂ ಅವರೇ. ಆ ಆರು ವರ್ಷ ಎಲ್ಲಿ ಮಾವ, ಎಂದು ಕೇಳಿದೆ. ಅವರು ಕನ್ನಡಕ ಒರೆಸುತ್ತಾ, “ಎಲ್ಲಾ ಕಡೆ ಹೀಗೇ ನಡಿಯೋದು ಪುಟ್ಟಿ. ನಾನು ಮಾಡದಿದ್ರೆ ಇನ್ನೊಬ್ಬ ಮಾಡ್ತಾನೆ” ಎಂದರು.

ಕಾರ್ಖಾನೆಗೆ ಕಂಪ್ಯೂಟರಿನ ಹೊಸ ಯಂತ್ರ ಬಂದಿದೆ. ಅದಕ್ಕೆ ಬೇಕಾದ ಆಪರೇಟರನದು ಖಾಯಂ ಹುದ್ದೆ, ಬೇಕಾದದ್ದು ಐದು ವರ್ಷದ ಅನುಭವ. ಊಟದ ವಿರಾಮದಲ್ಲಿ ಕಲಿತು, ಆ ಯಂತ್ರವನ್ನು ನಡೆಸಿ ತೋರಿಸಿದ್ದೇ ರಜತ್. ಆದರೆ ನಾಳೆ ಬೆಳಿಗ್ಗೆ ಆ ಕಾಗದಕ್ಕೆ ಏಳನೆಯ ಬಾರಿ ಸಹಿ ಹಾಕಿದರೆ ಅವನ ಅನುಭವ ಸೊನ್ನೆ. ಹಾಕದಿದ್ದರೆ ಗೇಟಿನ ಹೊರಗೆ. ಲೇಬರ್ ಆಫೀಸಿಗೆ ಹೋಗೋಣವೆಂದರೆ, ನಾನೇ ಸಹಿ ಹಾಕಿದ್ದೇನಲ್ಲ, ಬೇರೆ ಏನು ತೋರಿಸಲಿ ಎನ್ನುತ್ತಾನೆ.

ಏನು ತೋರಿಸಬೇಕೆಂದು ನನಗೆ ಗೊತ್ತು. ತೋರಿಸಿದರೆ ಮಾವನ ಕೆಲಸ ಹೋಗಬಹುದು. ನೀನು ನನ್ನ ಜೊತೆ ಮಾತು ಬಿಡಬಹುದು. ಬಿಡಬೇಡ. ನಾಲ್ಕು ವರ್ಷ ಅವರ ಮನೆಯ ಅನ್ನ ತಿಂದದ್ದನ್ನು, ಅಲ್ಲಿದ್ದೇ ಬಿ.ಎ. ಮಾಡಿದ್ದನ್ನು ನಾನು ಮರೆತಿಲ್ಲ.

ನಿನ್ನ ಮೇಲೆ ಒಂದಿಷ್ಟೂ ಕೋಪವಿಲ್ಲದ,
ನಿನ್ನ ಹಂಸಿ

ತಾ.ಕ.: ಕೃತಜ್ಞತೆಯ ಸಾಲು ನನ್ನದು. ಬಿ.ಎ. ಎರಡನೇ ವರ್ಷದಲ್ಲಿದ್ದಾಗ ಮಾವ ತಮ್ಮ ಕೈಬರಹದ ಕರಡು ಕೊಟ್ಟು, ನಿನ್ನ ಕಾನ್ವೆಂಟ್ ಇಂಗ್ಲಿಷಿನಲ್ಲಿ ಚಂದ ಮಾಡಿಕೊಡು ಎಂದಿದ್ದರು. ಯಾರು ಸಹಿ ಹಾಕುತ್ತಾರೆಂದು ನಾನು ಕೇಳಲಿಲ್ಲ. ಆ ಕರಡಿನ ಮೇಲೇ ತಿದ್ದಿ, ಓದಲು ಒರಟಾಗಿದೆ ಎಂದು ಕೊನೆಯಲ್ಲಿ ಆ ಸಾಲನ್ನು ಸೇರಿಸಿದೆ. ಶಾಪ ಹಾಕುವಾಗ ನನಗೆ ಗೊತ್ತಿತ್ತು. ಮಾವ ಮೇಲುಗಡೆ ‘ಶಭಾಷ್’ ಎಂದು ಬರೆದಿದ್ದರೆಂದು ಆ ಕರಡನ್ನು ನನ್ನ ಸರ್ಟಿಫಿಕೇಟುಗಳ ಜೊತೆ ಇಟ್ಟುಕೊಂಡಿದ್ದೆ. ಅದರ ಅಂಚಿನಲ್ಲಿ ಅವರದೇ ಅಕ್ಷರದಲ್ಲಿ, ‘ಬ್ರೇಕ್ ಮುಗಿಸಿ ಬರುವ ಹಳಬರಿಗೂ ಇದೇ ಫಾರಂ’ ಎಂದಿದೆ. ರಜತ್ ಕೊತ್ತಂಬರಿ ತರಲು ಹೋಗಿದ್ದಾನೆ. ಕರಡನ್ನು ಅವನ ತಟ್ಟೆಯ ಪಕ್ಕದಲ್ಲಿ ಇಟ್ಟಿದ್ದೇನೆ. ಅದರಲ್ಲಿ ಯಾರ ಅಕ್ಷರ ಯಾವುದೆಂದು ನಾನೇ ಓದಿ ಹೇಳಬೇಕು. ಮೆಟ್ಟಿಲ ಮೇಲೆ ಅವನ ಚಪ್ಪಲಿಯ ಸದ್ದಾಗುತ್ತಿದೆ.